ಕ್ಲಿಪ್ಪು ಕಳಚಿದವರಾರು ಎಂದು ಕೇಳುವ ಮೊದಲು



ಸಾಮಾನ್ಯವಾಗಿ ನಾನಿಲ್ಲಿ ಹಳೆಯ ನೆನಪುಗಳ ಬುತ್ತಿ ಬಿಚ್ಚುತ್ತೇನೆ, ಜಗಳವಾಡುವುದು ಕಡಿಮೆ. ಈ ಸಲ ಜಗಳವನ್ನೇ ಆಡಬೇಕೆಂದಿದ್ದೇನೆ. ಜಗಳ ನಮ್ಮ ಮನೆಯವರೊಡನೆಯೇ ಆದ್ದರಿಂದ ಯಾರೂ ತಪ್ಪು ತಿಳಿಯಬಾರದು.

ಕಳೆದ ತಿಂಗಳು ಬಂಧುಗಳೊಬ್ಬರ ಮನೆಯಲ್ಲಿ ನಾಮಕರಣವಿತ್ತು. ಊಟದ ಪಂಕ್ತಿಯಲ್ಲಿ ಕುಳಿತಿದ್ದಾಗ ಒಬ್ಬರು ತಮ್ಮ ಮೊಬೈಲಿನಲ್ಲಿ ಒಂದು ದೃಶ್ಯವನ್ನು ತೋರಿಸಿದರು. ಯಾವುದೋ ರೈಲು ಹಳಿಯ ಪಕ್ಕ ಒಂದು ಸ್ಲೀಪರಿನ ಕ್ಲಿಪ್ಪು ಇರಲಿಲ್ಲ. ಚಿತ್ರ ತೆಗೆದವನು ಊರು, ದಿನಾಂಕ ಏನನ್ನೂ ಹೇಳದೆ, 'ಫಿಶ್‌ಪ್ಲೇಟ್ ಕಳಚಿದ್ದಾರೆ, ದೊಡ್ಡ ಸಂಚು ನಡೆದಿದೆ, ಎಲ್ಲರಿಗೂ ಕಳುಹಿಸಿ' ಎಂದು ಕೂಗುತ್ತಿದ್ದ. ಪಂಕ್ತಿಯಲ್ಲಿದ್ದ ಅರ್ಧದಷ್ಟು ಜನರಿಗೆ ಅದು ಆಗಲೇ ತಲುಪಿತ್ತು. ಅವರೂ ಅದನ್ನು ಮುಂದೆ ಕಳುಹಿಸಿದ್ದರು. ಕಳಚಿದವರನ್ನು ಗಲ್ಲಿಗೇರಿಸಬೇಕೆಂದು ಒಬ್ಬರು ತೀರ್ಪು ಕೊಟ್ಟರು. ಆಗ ನನ್ನ ಸೋದರಳಿಯ, ಬುದ್ಧಿವಂತ, ಒಳ್ಳೆಯ ಹುದ್ದೆಯಲ್ಲಿರುವವನು, ಹೀಗೆಂದ: "ಇದನ್ನೆಲ್ಲ ಕ್ಯಾಮೆರಾಗಳೇ ನೋಡಿಕೊಳ್ಳಬಹುದು ಮಾವ. ಈ ಕಾಲದಲ್ಲೂ ಸುತ್ತಿಗೆ ಹೊತ್ತು ಹಳಿಯ ಮೇಲೆ ನಡೆಯುವವರಿಗೆ ಸಂಬಳ ಕೊಡಬೇಕೇ? ಅದೇನು ವಿದ್ಯೆ ಬೇಕಾದ ಕೆಲಸವೇ?"

ಹೋಳಿಗೆ ಬಾಯಲ್ಲಿತ್ತು, ಉತ್ತರ ಕೊಡಲಿಲ್ಲ. ಇಂದು ಕೊಡುತ್ತಿದ್ದೇನೆ. ಏಕೆಂದರೆ ನನ್ನ ತಂದೆ ಇಪ್ಪತ್ತಾರು ವರ್ಷ ಮಾಡಿದ್ದು ಅದೇ ಕೆಲಸ. ನಾನು ಮೇಷ್ಟ್ರಾದದ್ದೂ, ನನ್ನ ತಂಗಿಯರ ಮದುವೆಗಳಾದದ್ದೂ ಆ ಸುತ್ತಿಗೆಯ ಸಂಬಳದಿಂದಲೇ.

ಮೊದಲು ಪಾಠ, ಆಮೇಲೆ ಜಗಳ. ಅಭ್ಯಾಸಬಲ, ಸಹಿಸಿಕೊಳ್ಳಿ.

ಫಿಶ್‌ಪ್ಲೇಟ್ ಬೇರೆ, ಕ್ಲಿಪ್ಪು ಬೇರೆ. ಒಂದು ಹಳಿಯ ತುದಿಯನ್ನು ಇನ್ನೊಂದರ ತುದಿಗೆ ಸೇರಿಸಲು ಎರಡೂ ಬದಿಗೆ ಇಟ್ಟು ಬೋಲ್ಟು ಹಾಕುವ ಉಕ್ಕಿನ ಪಟ್ಟಿಯೇ ಫಿಶ್‌ಪ್ಲೇಟ್. ಇಂಗ್ಲೆಂಡಿನ ವಿಲಿಯಂ ಬ್ರಿಡ್ಜಸ್ ಆಡಮ್ಸ್ ಎಂಬಾತ 1847ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಅದಕ್ಕೂ ಮೀನಿಗೂ ಸಂಬಂಧವಿಲ್ಲ. ಹಡಗಿನ ಕಂಬ ಬಿರುಕು ಬಿಟ್ಟಾಗ ಕಟ್ಟುತ್ತಿದ್ದ ಆಸರೆಯ ಪಟ್ಟಿಗೆ ನಾವಿಕರು ಇಟ್ಟಿದ್ದ ಹೆಸರು ರೈಲಿಗೂ ಬಂತು. ನಮ್ಮ ಬ್ರಾಡ್‌ಗೇಜ್ ಹಳಿಯ ರೂಢಿಯ ಉದ್ದ 13 ಮೀಟರ್. ಉಷ್ಣತೆ 40 ಡಿಗ್ರಿ ಏರಿದರೆ ಅದು ಸುಮಾರು 6 ಮಿಲಿಮೀಟರ್ ಹಿಗ್ಗುತ್ತದೆ. ಅದಕ್ಕಾಗಿ ಎರಡು ಹಳಿಗಳ ನಡುವೆ ಸಣ್ಣ ಸಂದು ಬಿಡುತ್ತಿದ್ದರು. ನಾವು ಚಿಕ್ಕಂದಿನಲ್ಲಿ ಕೇಳುತ್ತಿದ್ದ 'ಟಕಟಕ್, ಟಕಟಕ್' ಸಂಗೀತ ಆ ಸಂದಿನದು. ಈ ಲೆಕ್ಕವನ್ನು ಕರಿಹಲಗೆಯ ಮೇಲೆ ಎಷ್ಟು ಸಲ ಮಾಡಿಸಿದ್ದೆನೆಂದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು.

ಈಗ ಮುಖ್ಯ ಮಾರ್ಗಗಳಲ್ಲಿ ಹಳಿಗಳನ್ನು ಬೆಸೆದು ಉದ್ದಕ್ಕೆ ಒಂದೇ ಮಾಡುತ್ತಾರೆ. ಸಂಗೀತ ನಿಂತಿತು, ಆದರೆ ಹಿಗ್ಗುವ ಗುಣ ನಿಂತಿತೇ? ಇಲ್ಲ. ಹಿಗ್ಗಲು ಜಾಗವಿಲ್ಲದ ಕಬ್ಬಿಣ ಆ ಬಲವನ್ನು ತನ್ನೊಳಗೇ ಅದುಮಿಟ್ಟುಕೊಳ್ಳುತ್ತದೆ. ಮೀಟರಿಗೆ 60 ಕಿಲೋ ತೂಗುವ ಹಳಿಯಲ್ಲಿ ಪ್ರತಿ ಡಿಗ್ರಿ ಏರಿಕೆಗೆ ಸುಮಾರು ಎರಡು ಟನ್ನಿನಷ್ಟು ಒತ್ತಡ ಹುಟ್ಟುತ್ತದೆ. ಹಳಿಯನ್ನು ಕೂರಿಸಿದಾಗ ಇದ್ದ ಉಷ್ಣತೆಗಿಂತ 30 ಡಿಗ್ರಿ ಹೆಚ್ಚಾದ ಮಧ್ಯಾಹ್ನದಲ್ಲಿ ಪ್ರತಿಯೊಂದು ಹಳಿಯೊಳಗೂ ಐವತ್ತು ಟನ್ನಿಗೂ ಮಿಕ್ಕ ಬಲ ಬಗ್ಗಿ ಸಿಡಿಯಲು ಹವಣಿಸುತ್ತಿರುತ್ತದೆ. ಅದನ್ನು ಹಿಡಿದಿಡುವವು ಕಾಂಕ್ರೀಟಿನ ಸ್ಲೀಪರು, ಸುತ್ತಲಿನ ಜಲ್ಲಿ, ಮತ್ತು ಹಳಿಯನ್ನು ಸ್ಲೀಪರಿಗೆ ಅಪ್ಪಿಸಿ ಹಿಡಿಯುವ ಆ ಬಾಗಿದ ಕ್ಲಿಪ್ಪು.

ಈ ಸ್ಥಿತಿಸ್ಥಾಪಕ ಕ್ಲಿಪ್ಪನ್ನು 1957ರಲ್ಲಿ ರೂಪಿಸಿದವನು ನಾರ್ವೆಯ ರೈಲ್ವೆ ಎಂಜಿನಿಯರ್ ಪೇರ್ ಪಾಂಡೆ-ರೋಲ್ಫ್‌ಸೆನ್. ಅವನ ಹೆಸರಿನಿಂದಲೇ 'ಪಾಂಡ್ರೋಲ್' ಎಂಬ ಮಾತು ಹುಟ್ಟಿತು. ನಮ್ಮ ರೈಲ್ವೆಯಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಮಾರ್ಕ್-3 ಎಂಬ ಬಗೆಯದು ಒಂದು ಕಿಲೋಗಿಂತ ತುಸು ಕಡಿಮೆ ತೂಗುತ್ತದೆ. ಆದರೆ ಸರಿಯಾಗಿ ಕೂತಾಗ ಅದು 850ರಿಂದ 1100 ಕಿಲೋ ಭಾರದಷ್ಟು ಬಲದಿಂದ ಹಳಿಯ ಪಾದವನ್ನು ಒತ್ತಿ ಹಿಡಿಯುತ್ತದೆ. ಗಾಲಿ ಹಾದಾಗ ಹಳಿ ತುಸು ಕುಸಿದು ಏಳುತ್ತದೆ. ಹಳೆಯ ಮೊಳೆಯಾಗಿದ್ದರೆ ಸಡಿಲವಾಗುತ್ತಿತ್ತು, ಈ ಕ್ಲಿಪ್ಪು ಜೊತೆಯಲ್ಲೇ ಬಗ್ಗಿ ಹಿಡಿತ ಬಿಡದೆ ನಿಲ್ಲುತ್ತದೆ. ಹಳಿಯ ಕೆಳಗೆ ರಬ್ಬರ್ ಹಾಸು, ಕ್ಲಿಪ್ಪಿನ ಕೆಳಗೆ ಲೈನರ್, ಸ್ಲೀಪರಿನೊಳಗೆ ಎರಕ ಹೊಯ್ದು ಕೂರಿಸಿದ ಕಬ್ಬಿಣದ ಕಿವಿ. ಇಷ್ಟೇ ಕುಟುಂಬ.

ಈಗ ಎಣಿಕೆಗೆ ಬನ್ನಿ. ಕಿಲೋಮೀಟರಿಗೆ 1660 ಸ್ಲೀಪರು, ಸ್ಲೀಪರಿಗೆ ನಾಲ್ಕು ಕ್ಲಿಪ್ಪು, ಒಟ್ಟು 6640. ಬೆಂಗಳೂರಿನಿಂದ ಮೈಸೂರಿಗೆ ಸುಮಾರು 138 ಕಿಲೋಮೀಟರ್, ಜೋಡಿ ಮಾರ್ಗ. ನಿಲ್ದಾಣಗಳ ಅಡ್ಡಹಳಿಗಳನ್ನು ಬಿಟ್ಟರೂ ಹದಿನೆಂಟು ಲಕ್ಷಕ್ಕೂ ಹೆಚ್ಚು ಕ್ಲಿಪ್ಪುಗಳಾದವು. ನೀವು ಕಾಫಿ ಕುಡಿಯುತ್ತಾ ಮದ್ದೂರು ವಡೆಗೆ ಕಾಯುವಾಗ ನಿಮ್ಮ ಕೆಳಗೆ ಇವೆಲ್ಲ ತಮ್ಮ ತಮ್ಮ ಜಾಗದಲ್ಲಿವೆ ಎಂದು ನಿಮಗೆ ಭರವಸೆ ಕೊಟ್ಟವರು ಯಾರು?

ಇಲ್ಲಿಂದ ಜಗಳ.

ಹದಿನೆಂಟು ಲಕ್ಷದಲ್ಲಿ ಒಂದು ಕ್ಲಿಪ್ಪು ಕಾಣದಿದ್ದರೆ ರೈಲು ಉರುಳುವುದಿಲ್ಲ. ಅಕ್ಕಪಕ್ಕದ ಸ್ಲೀಪರುಗಳು ಭಾರ ಹಂಚಿಕೊಳ್ಳುತ್ತವೆ. ಹಾಗೆಂದೇ ಅಷ್ಟೊಂದು ಇಟ್ಟಿರುವುದು. ಆದ್ದರಿಂದ ಒಂದು ಖಾಲಿ ಕಿವಿಯ ಚಿತ್ರ ತೋರಿಸಿ ಸಂಚು ಎಂದು ಕೂಗುವವನು ಹಳಿಯ ವಿಷಯ ಅರಿಯದವನು. ಆದರೆ ಅದು ಲೆಕ್ಕಕ್ಕೇ ಇಲ್ಲ ಎನ್ನುವವನು ಇನ್ನೂ ಅರಿಯದವನು. ಒಂದರ ಜಾಗ ಖಾಲಿಯಾದಾಗ ಪಕ್ಕದ್ದು ಹೆಚ್ಚು ದುಡಿಯುತ್ತದೆ, ಬೇಗ ದಣಿಯುತ್ತದೆ. ಮಳೆ, ತುಕ್ಕು, ಹಿಂದೆ ಬೋಗಿಗಳ ಶೌಚದಿಂದ ನೇರವಾಗಿ ಹಳಿಗೆ ಬೀಳುತ್ತಿದ್ದ ಹೊಲಸು, ಎಲ್ಲವೂ ಉಕ್ಕನ್ನು ತಿಂದಿವೆ. ಈಗ ಜೈವಿಕ ಶೌಚಾಲಯಗಳು ಬಂದಿವೆ, ಸಂತೋಷ. ಅದಕ್ಕೆ ಮೊದಲು ಆ ಹೊಲಸಿನಲ್ಲಿ ಕೈಯಿಟ್ಟು ಕ್ಲಿಪ್ಪು ಬಿಚ್ಚಿ, ಗ್ರೀಸು ಬಳಿದು, ಮತ್ತೆ ಹೊಡೆದು ಕೂರಿಸಿದವರ ಕೈಗಳು ಯಾವುವು? 'ವಿದ್ಯೆ ಬೇಡದ' ಕೈಗಳು.

ವಿಧ್ವಂಸಕ ಕೃತ್ಯಗಳು ನಡೆಯುವುದೇ ಇಲ್ಲವೆಂದು ನಾನು ವಾದಿಸುತ್ತಿಲ್ಲ. 2010ರ ಮೇ 28ರಂದು ಪಶ್ಚಿಮ ಬಂಗಾಳದಲ್ಲಿ ಹಳಿಯ ಬಂಧನಗಳನ್ನು ಬೇಕೆಂದೇ ಬಿಚ್ಚಿದ್ದರಿಂದ ಜ್ಞಾನೇಶ್ವರಿ ಎಕ್ಸ್‌ಪ್ರೆಸ್ ಉರುಳಿ, ಎದುರಿನಿಂದ ಬಂದ ಗೂಡ್ಸ್ ರೈಲಿಗೆ ಸಿಕ್ಕಿ, ಸುಮಾರು 150 ಮಂದಿ ಸತ್ತರು. ಅಂಥ ಪಾಪಿಗಳಿಗೆ ಕಾನೂನು ಕಠಿಣವಾಗಿಯೇ ಇರಲಿ. ನನ್ನ ಆಕ್ಷೇಪವಿರುವುದು ಬೇರೆ ಕಡೆ. ಪ್ರತಿ ಬಾರಿಯೂ ಮೊದಲ ಮಾತೇ 'ಸಂಚು' ಎಂದಾದರೆ ಎರಡನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ: ಇದನ್ನು ಕೊನೆಯ ಬಾರಿ ನೋಡಿದವರು ಯಾರು, ಯಾವಾಗ, ನೋಡಲು ಅವರಿಗೆ ಸಮಯವಿತ್ತೇ?

ಹೊರದೇಶದ ನಿದರ್ಶನ ಕೊಟ್ಟರೆ ನಮ್ಮವರು ಬೇಗ ನಂಬುತ್ತಾರೆ, ಆದ್ದರಿಂದ ಮೂರು ಕೊಡುತ್ತೇನೆ. 2002ರ ಮೇ 10ರಂದು ಇಂಗ್ಲೆಂಡಿನ ಪಾಟರ್ಸ್ ಬಾರ್ ಎಂಬಲ್ಲಿ ಹಳಿ ಬದಲಿಸುವ ಪಾಯಿಂಟಿನ ಸರಳುಗಳ ನಟ್ಟುಗಳು ಇರಲಿಲ್ಲ. ರೈಲು ಉರುಳಿ ಏಳು ಮಂದಿ ಸತ್ತರು. ನಿರ್ವಹಣೆಯ ಗುತ್ತಿಗೆ ಹಿಡಿದಿದ್ದ ಕಂಪನಿ ಮೊದಲು ಹೇಳಿದ್ದು ಯಾರೋ ಬೇಕೆಂದೇ ಬಿಚ್ಚಿರಬಹುದು ಎಂದು. ಆ ವಾದಕ್ಕೆ ತನಿಖೆಯಲ್ಲಿ ಆಧಾರ ಸಿಗಲಿಲ್ಲ. ಸಿಕ್ಕಿದ್ದು ಕೆಟ್ಟ ನಿರ್ವಹಣೆ. ಐದು ವರ್ಷಗಳ ನಂತರ, 2007ರ ಫೆಬ್ರವರಿ 23ರಂದು, ಅದೇ ದೇಶದ ಗ್ರೇರಿಗ್‌ನಲ್ಲಿ ಅದೇ ಬಗೆಯ ದೋಷದಿಂದ ಇನ್ನೊಂದು ರೈಲು ಉರುಳಿ ಒಬ್ಬ ವೃದ್ಧೆ ಸತ್ತರು. ಐದು ದಿನ ಮೊದಲು, ಫೆಬ್ರವರಿ 18ರಂದು, ಒಬ್ಬ ಮನುಷ್ಯ ಆ ಜಾಗವನ್ನು ನಡೆದು ನೋಡಬೇಕಾಗಿತ್ತು. ಅಂದು ಆ ನಡಿಗೆ ನಡೆಯಲಿಲ್ಲ. ಮೂರನೆಯದು ಫ್ರಾನ್ಸಿನದು. 2013ರ ಜುಲೈ 12ರಂದು ಬ್ರೆಟಿನ್ಯಿ ನಿಲ್ದಾಣದಲ್ಲಿ ಒಂದು ಫಿಶ್‌ಪ್ಲೇಟ್ ತನ್ನ ಬೋಲ್ಟುಗಳಿಂದ ಕಳಚಿ, ಉಳಿದ ಒಂದರ ಸುತ್ತ ತಿರುಗಿ ಹಳಿಗೆ ಅಡ್ಡವಾಯಿತು. ಏಳು ಮಂದಿ ಸತ್ತರು. ಅದು ಕಣ್ಣಿಗೆ ಕಾಣದ ಉಕ್ಕಿನ ದೋಷವೆಂದು ರೈಲ್ವೆ ವಾದಿಸಿತು. 2022ರಲ್ಲಿ ನ್ಯಾಯಾಲಯ ಅದನ್ನು ಒಪ್ಪದೆ ನಿರ್ವಹಣೆಯ ಲೋಪಕ್ಕಾಗಿ 3 ಲಕ್ಷ ಯೂರೋ ದಂಡ ಹಾಕಿತು.

ನಮ್ಮದೇ ಬೇಕೆಂದರೆ ಉತ್ತರ ಪ್ರದೇಶದ ಖತೌಲಿ ಇದೆ. 2017ರ ಆಗಸ್ಟ್ 19ರಂದು ಹಳಿಯ ದುರಸ್ತಿ ನಡೆಯುತ್ತಿದ್ದ ಜಾಗಕ್ಕೆ, ಸಂಚಾರ ತಡೆಯದೆ, ಉತ್ಕಲ್ ಎಕ್ಸ್‌ಪ್ರೆಸ್ ವೇಗವಾಗಿ ಬಂದು ಉರುಳಿತು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಯಾವ ಶತ್ರುವೂ ಇರಲಿಲ್ಲ. ದುರಸ್ತಿ ಮಾಡುವವರಿಗೆ ಸಮಯ ಕೊಡದ ವ್ಯವಸ್ಥೆ ಇತ್ತು, ಕೊಡದಿದ್ದರೂ ಮಾಡಿಬಿಡೋಣ ಎಂಬ ರೂಢಿ ಇತ್ತು.

ಈಗ ನನ್ನ ಸ್ವಂತ ತಪ್ಪೊಂದನ್ನು ಹೇಳಬೇಕು. ಇದುವರೆಗೆ ನನ್ನ ಮಕ್ಕಳಿಗೂ ಹೇಳಿಲ್ಲ.

ಆಗ ನನಗೆ ಹತ್ತು ವರ್ಷವಿರಬಹುದು. ಕಡೂರಿನ ಆಚೆ ಮೀಟರ್‌ಗೇಜ್ ಹಳಿಯ ಪಕ್ಕದ ಗ್ಯಾಂಗ್ ಕ್ವಾರ್ಟರ್ಸಿನಲ್ಲಿ ನಮ್ಮ ವಾಸ. ಪಾಂಡ್ರೋಲ್ ಕ್ಲಿಪ್ಪು ಆ ಕಡೆ ಇನ್ನೂ ಬಂದಿರಲಿಲ್ಲ. ಉಕ್ಕಿನ ಸ್ಲೀಪರಿಗೆ ಹಳಿಯನ್ನು ಬಿಗಿಯುತ್ತಿದ್ದುದು ಬೆಣೆಯಂಥ ಚಾವಿಗಳು. ಅವನ್ನು ದಿನವೂ ನೋಡಿ, ಸಡಿಲವಾದವನ್ನು ಸುತ್ತಿಗೆಯಿಂದ ಬಡಿದು ಬಿಗಿ ಮಾಡುವವನೇ ಕೀಮನ್. ನಮ್ಮ ಕಡೆ ಚಾವಿಯವನು. ನನ್ನ ತಂದೆ ಚಾವಿಯವರು. ಬೆಳಿಗ್ಗೆ ಕೆಂಪು ಹಸಿರು ಬಾವುಟ, ಪಟಾಕಿಯ ಡಬ್ಬಿ, ಸ್ಪ್ಯಾನರ್, ಸುತ್ತಿಗೆ ಹೊತ್ತು ಹೊರಟರೆ ಒಂದು ಹಳಿಯನ್ನು ನೋಡುತ್ತ ಹೋಗಿ ಇನ್ನೊಂದನ್ನು ನೋಡುತ್ತ ಬರುತ್ತಿದ್ದರು.

ಒಂದು ಸಂಜೆ ಶಾಲೆಯಿಂದ ಹಳಿಯ ಪಕ್ಕದಲ್ಲಿ ಬರುವಾಗ ಜಲ್ಲಿಯ ಮೇಲೆ ಬಿದ್ದಿದ್ದ ಒಂದು ಚಾವಿ ಕಂಡಿತು. ಹುಣಿಸೆಹಣ್ಣು ಜಜ್ಜಲು ಚೆನ್ನಾಗಿದೆಯೆಂದು ಚೀಲಕ್ಕೆ ಹಾಕಿಕೊಂಡೆ. ಕದ್ದೆನೆಂಬ ಭಾವನೆಯೇ ಇರಲಿಲ್ಲ, ಬಿದ್ದಿತ್ತು, ಎತ್ತಿಕೊಂಡೆ. ರಾತ್ರಿ ಊಟಕ್ಕೆ ಕುಳಿತಾಗ ತಂದೆಯ ಕಣ್ಣಿಗೆ ಅದು ಬಿತ್ತು. ಅವರು ಬೈಯಲಿಲ್ಲ, ಹೊಡೆಯಲಿಲ್ಲ. "ಎಲ್ಲಿ ಸಿಕ್ಕಿತು?" ಎಂದರು. ನನಗೆ ಸರಿಯಾಗಿ ನೆನಪಿರಲಿಲ್ಲ. ಹಾಲದ ಮರ ದಾಟಿದ ಮೇಲೋ, ಮೋರಿಯ ಹತ್ತಿರವೋ ಎಂದು ತಡವರಿಸಿದೆ. ಅವರು ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಎದ್ದರು. ಲಾಟೀನು ಹಚ್ಚಿ, ಸುತ್ತಿಗೆ ತೆಗೆದುಕೊಂಡು, ನನ್ನನ್ನೂ ಕರೆದುಕೊಂಡು ಹೊರಟರು.

ಆ ಕತ್ತಲಲ್ಲಿ ನಾವಿಬ್ಬರೂ ಒಂದೊಂದು ಸ್ಲೀಪರನ್ನೂ ನೋಡುತ್ತ ನಡೆದೆವು. ನಾನು ಲಾಟೀನು ಹಿಡಿದಿದ್ದೆ. ಅವರು ಬಗ್ಗಿ ಕೈಯಿಂದ ಮುಟ್ಟಿ ನೋಡುತ್ತಿದ್ದರು. ಮೋರಿಯನ್ನೂ ದಾಟಿ ಬಹಳ ದೂರ ಹೋದ ಮೇಲೆ ಖಾಲಿ ಜಾಗ ಸಿಕ್ಕಿತು. ಅದರ ಪಕ್ಕದ ಎರಡು ಚಾವಿಗಳೂ ಸಡಿಲವಾಗಿದ್ದವು. ಮೂರನ್ನೂ ಬಡಿದು ಬಿಗಿ ಮಾಡಿ, ಅಲ್ಲಿಯೇ ಕುಳಿತು ಬೀಡಿ ಹಚ್ಚಿದರು. ಆಮೇಲೆ ಹೇಳಿದರು: "ಬಿದ್ದಿದ್ದನ್ನು ಎತ್ತಿಕೊಂಡಿದ್ದಕ್ಕೆ ಸಿಟ್ಟಿಲ್ಲ. ಅದು ಅಲ್ಲೇ ಬಿದ್ದಿದ್ದರೆ ಬೆಳಿಗ್ಗೆ ನನಗೆ ಜಾಗ ತೋರಿಸುತ್ತಿತ್ತು. ನೀನು ಅದನ್ನು ಎತ್ತಿಕೊಂಡು ನನ್ನ ಕಣ್ಣು ಕಟ್ಟಿದೆ." ಸ್ವಲ್ಪ ಹೊತ್ತಿನಲ್ಲಿ ಗೂಡ್ಸ್ ಗಾಡಿ ಬಂತು. ನಾವು ಕೆಳಗಿಳಿದು ನಿಂತೆವು. ಅದು ಹೋಗುವವರೆಗೂ ಅವರ ಕೈ ನನ್ನ ಭುಜದ ಮೇಲಿತ್ತು.

ವಿದ್ಯೆ ಬೇಡದ ಕೆಲಸವೇ ಇದು, ಅಳಿಯ? ಸುತ್ತಿಗೆಯ ಸದ್ದಿನಿಂದ ಬಿಗಿ ಯಾವುದು ಸಡಿಲ ಯಾವುದು ಎಂದು ನನ್ನ ತಂದೆ ಹೇಳುತ್ತಿದ್ದರು. ಜಲ್ಲಿಯ ಬಣ್ಣ ನೋಡಿ ಕೆಳಗೆ ನೀರು ನಿಂತಿದೆ ಎನ್ನುತ್ತಿದ್ದರು. ಅವರಿಗೆ ಸಹಿ ಹಾಕಲು ಮಾತ್ರ ಬರುತ್ತಿತ್ತು, ನಿಜ. ಪದವಿ ಪಡೆದ ನಾನು ಮೂವತ್ತೈದು ವರ್ಷ ಪಾಠ ಮಾಡಿದೆ. ನನ್ನ ತಪ್ಪಿನಿಂದ ಹೆಚ್ಚೆಂದರೆ ಒಬ್ಬ ಹುಡುಗನ ಅಂಕ ಹೋಗುತ್ತಿತ್ತು. ಅವರ ತಪ್ಪಿಗೆ ಅಷ್ಟು ಅಗ್ಗದ ಬೆಲೆ ಇರಲಿಲ್ಲ.

ಕ್ಯಾಮೆರಾ ಬೇಡ ಎನ್ನುವ ಹಟ ನನಗಿಲ್ಲ. ಹಳಿಯೊಳಗಿನ ಬಿರುಕನ್ನು ಶ್ರವಣಾತೀತ ತರಂಗದಿಂದ ಹುಡುಕುವ ಯಂತ್ರ ನನ್ನ ತಂದೆಯ ಕಣ್ಣಿಗೆ ಎಂದೂ ಕಾಣದ್ದನ್ನು ಕಾಣುತ್ತದೆ. ಓಡುತ್ತಲೇ ಹಳಿಯ ಅಳತೆ ತೆಗೆಯುವ ಬೋಗಿಗಳಿವೆ. ಎಲ್ಲವೂ ಬರಲಿ. ಆದರೆ ಯಂತ್ರ ನೋಡಿ ಹೇಳಿದ ಮೇಲೆ ಕ್ಲಿಪ್ಪು ಕೂರಿಸುವವನು ಯಾರು? ಯಂತ್ರ ಒಮ್ಮೆ ಬಂದು ಹೋದ ಮೇಲೆ ಮತ್ತೆ ಬರುವ ತನಕ ನಡುವಿನ ದಿನಗಳನ್ನು ಕಾಯುವವನು ಯಾರು? ವೈದ್ಯನಿಗೆ ಸ್ಕ್ಯಾನಿಂಗ್ ಯಂತ್ರ ಬಂದಿತೆಂದು ದಾದಿಯನ್ನು ಮನೆಗೆ ಕಳುಹಿಸಿದ ಆಸ್ಪತ್ರೆಗೆ ನಿನ್ನ ತಾಯಿಯನ್ನು ಸೇರಿಸುವೆಯಾ?

ಇನ್ನೊಂದು ಮಾತು. ನನ್ನ ವಿದ್ಯಾರ್ಥಿಯೊಬ್ಬ ಸ್ನಾತಕೋತ್ತರ ಪದವಿ ಪಡೆದು ಈಗ ಇದೇ ಕೆಲಸದಲ್ಲಿದ್ದಾನೆ. ಗ್ಯಾಂಗ್‌ಮನ್ ಎಂಬ ಹೆಸರು ಟ್ರ್ಯಾಕ್‌ಮನ್ ಆಗಿ, ಈಗ ಟ್ರ್ಯಾಕ್ ಮೇಂಟೇನರ್ ಆಗಿದೆ. ಭಾರ ಮಾತ್ರ ಅದೇ. ಹೋದ ವರ್ಷ ಮಳೆಗಾಲದಲ್ಲಿ ಅವನು ಮನೆಗೆ ಬಂದು ಬಹಳ ಹೊತ್ತು ಸುಮ್ಮನೆ ಕುಳಿತಿದ್ದ. ಜೋಡಿ ಮಾರ್ಗದಲ್ಲಿ ಒಂದು ರೈಲಿಗೆ ಜಾಗ ಬಿಡಲು ಪಕ್ಕದ ಹಳಿಗೆ ಸರಿದ ಅವನ ಜೊತೆಗಾರ, ಮಳೆಯ ಸದ್ದಿನಲ್ಲಿ ಹಿಂದಿನಿಂದ ಬಂದ ಇನ್ನೊಂದು ರೈಲನ್ನು ಕೇಳಿಸಿಕೊಳ್ಳಲಿಲ್ಲ. ಮರುದಿನದ ಸುದ್ದಿಯಲ್ಲಿ ಎರಡು ಸಾಲು: 'ರೈಲಿಗೆ ಸಿಲುಕಿ ವ್ಯಕ್ತಿ ಸಾವು'. ಕರ್ತವ್ಯದಲ್ಲಿದ್ದ ನೌಕರ ಎಂದೂ ಇರಲಿಲ್ಲ. ಅನಿಲ್ ಕಾಕೋಡ್ಕರ್ ಅವರ ಅಧ್ಯಕ್ಷತೆಯ ಸುರಕ್ಷತಾ ಸಮಿತಿ 2012ರಲ್ಲಿ ಕೊಟ್ಟ ವರದಿಯಲ್ಲಿ, ಅದು ನೋಡಿದ ವರ್ಷಗಳಲ್ಲಿ ರೈಲು ಅಪಘಾತಗಳಲ್ಲಿ ಸತ್ತವರಿಗಿಂತ ಕರ್ತವ್ಯದಲ್ಲಿ ಸತ್ತ ರೈಲ್ವೆ ನೌಕರರೇ ಹೆಚ್ಚು ಎಂಬ ಲೆಕ್ಕವಿತ್ತು. ಅಪಘಾತವಾದರೆ ದೂರದರ್ಶನಗಳು ಓಡಿಬರುತ್ತವೆ. ಇವರು ಒಬ್ಬೊಬ್ಬರಾಗಿ ಸಾಯುತ್ತಾರೆ, ಆದ್ದರಿಂದ ಯಾರೂ ಬರುವುದಿಲ್ಲ.

ರೈಲು ಹತ್ತಿರ ಬರುತ್ತಿದೆ ಎಂದು ಮುನ್ನೆಚ್ಚರಿಸುವ, ಮೈಮೇಲೆ ಧರಿಸಬಲ್ಲ ಸಾಧನ ಮಾಡುವುದು ಇಂದು ಅಸಾಧ್ಯವಲ್ಲ. ನುಣುಪಾದ ಹೊಸ ರೈಲಿಗೆ ಹಸಿರು ಬಾವುಟ ತೋರಿಸುವ ಪ್ರತಿ ಸಮಾರಂಭದಲ್ಲೂ ಕೇಳಬೇಕಾದ ಪ್ರಶ್ನೆಗಳು ಮೂರು: ಹಳಿ ಕಾಯುವವರ ಹುದ್ದೆಗಳು ಭರ್ತಿಯಾಗಿವೆಯೇ? ದುರಸ್ತಿಗೆ ರೈಲು ನಿಲ್ಲಿಸಿ ಸಮಯ ಕೊಡುತ್ತಿದ್ದಾರೆಯೇ? ಒಂಟಿಯಾಗಿ ನಡೆಯುವವನ ಕೈಯಲ್ಲಿ ಆ ಸಾಧನವಿದೆಯೇ? ನಿಮ್ಮ ಗುಂಪುಗಳಲ್ಲಿ ಏನಾದರೂ ಮುಂದೆ ಕಳುಹಿಸಲೇಬೇಕೆಂದಿದ್ದರೆ ಈ ಮೂರನ್ನು ಕಳುಹಿಸಿ.

ಕೊನೆಗೆ ಒಂದು ಬೇಡಿಕೆ. ಹಳಿಯ ಪಕ್ಕ ಬಿದ್ದ ಕ್ಲಿಪ್ಪು ಕಂಡರೆ ಮನೆಗೆ ತರಬೇಡಿ, ಗುಜರಿಗೆ ಬಂದರೆ ಕೊಳ್ಳಬೇಡಿ. 1966ರ ಕಾಯಿದೆಯಂತೆ ರೈಲ್ವೆಯ ಕದ್ದ ವಸ್ತುವನ್ನು ಇಟ್ಟುಕೊಳ್ಳುವುದೂ ಅಪರಾಧ; ಆದರೆ ನಾನು ಕಾಯಿದೆಗೆ ಹೆದರಿ ಹೇಳುತ್ತಿಲ್ಲ. ಅದನ್ನು ಮುಟ್ಟದೆ ಹತ್ತಿರದ ನಿಲ್ದಾಣದಲ್ಲಿ ಜಾಗದ ಗುರುತು ಹೇಳಿ. ಪಕ್ಕದ ಕಂಬದ ಮೇಲೆ ಕಿಲೋಮೀಟರ್ ಸಂಖ್ಯೆ ಬರೆದಿರುತ್ತದೆ. ಅದನ್ನು ಓದಿಕೊಂಡು ಹೋದರೆ ಸಾಕು. ನಾನು ಹತ್ತು ವರ್ಷದವನಿದ್ದಾಗ ಅಷ್ಟು ಮಾಡಿದ್ದರೆ ನನ್ನ ತಂದೆ ಆ ರಾತ್ರಿ ಊಟ ಮುಗಿಸಬಹುದಿತ್ತು.

ಸೋದರಳಿಯನಿಗೆ ಸಿಟ್ಟು ಬಂದಿದ್ದರೆ ಬರಲಿ. ಮುಂದಿನ ಸಲ ಊರಿಗೆ ರೈಲಿನಲ್ಲಿ ಬಂದಾಗ ಕಿಟಕಿಯ ಪಕ್ಕ ಕುಳಿತುಕೋ. ಹಳಿಯಿಂದ ಕೆಳಗಿಳಿದು, ಬಾವುಟ ಕಂಕುಳಲ್ಲಿ ಇಟ್ಟುಕೊಂಡು, ನಿನ್ನ ಗಾಡಿಯ ಗಾಲಿಗಳನ್ನೇ ನೋಡುತ್ತ ನಿಂತಿರುವವನೊಬ್ಬ ಕಾಣುತ್ತಾನೆ. ಅವನಿಗೊಂದು ಕೈ ಬೀಸು. ಮನೆಗೆ ಬಾ, ಹೋಳಿಗೆ ಇರುತ್ತದೆ.

ಎಲ್ಲರಿಗೂ ಶುಭವಾಗಲಿ.

ನಿಮ್ಮ ಮೇಷ್ಟ್ರು